ಬಾಗಿಲಾಚೆಯ ನಗು

ಕರೆಗಂಟೆ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಬಾಗಿಲಾಚೆ ತಂಗಿ ನಗುತ್ತಿದ್ದಳು.

"ಅಯ್ಯೋ ಸಾಕು ಮಾಡ್ರೀ, ಹೊಟ್ಟೆ ನೋಯ್ತಿದೆ!"

ಅದಕ್ಕೆ ಉತ್ತರ ಕೊಡುವ ದನಿ ಮಾತ್ರ ಕೇಳಿಸಲಿಲ್ಲ.

ಅಣ್ಣ ಬೆರಳು ಹಿಂದೆಗೆದುಕೊಂಡ. ಅವಳ ಗಂಡ, ತನ್ನ ಬಾಲ್ಯದ ಗೆಳೆಯ, ತೀರಿಕೊಂಡು ಮೂರು ವರ್ಷ. ಇವಳಿನ್ನೂ ಅವನೊಂದಿಗೇ ಹರಟುತ್ತಿದ್ದಾಳೆ.

ಗಂಟೆ ಒತ್ತಿದ. ನಗು ಕತ್ತರಿಸಿದಂತೆ ನಿಂತಿತು. ಬಾಗಿಲು ತೆರೆಯಲು ಬಹಳ ಹೊತ್ತಾಯಿತು.

"ಹೇಳದೆ ಕೇಳದೆ ಬಂದ್ಬಿಟ್ಯಲ್ಲ ಅಣ್ಣಾ!" ಅವಳ ಮುಖ ಕೆಂಪಾಗಿತ್ತು. ಮೇಜಿನ ಮೇಲಿದ್ದ ಎರಡು ಕಾಫಿ ಲೋಟಗಳಲ್ಲಿ ಒಂದನ್ನು ಸರಕ್ಕನೆ ಅಡುಗೆಮನೆಗೆ ಒಯ್ದಳು. ಅವನು ನೋಡಿಯೂ ನೋಡದವನಂತೆ ಕುಳಿತ.

"ನೀನು ಟೀವಿಗೆ ಬರೆಯೋನು, ನೀನೇ ಹೇಳು. ಆ ಹೊಸ ಸೀರೀಸ್ ನೋಡೋ ಹಾಗಿದೆಯಾ? ಕನ್ನಡಕ ಮಾಡಿಸೋಕೆ ನನ್ನ ಅಂಗಡಿಗೆ ಬರೋರದೆಲ್ಲ ಅದೇ ಮಾತು. ಆಕಾಶದಲ್ಲಿ ಹಾರೋ ನಾಯಕಿ ಅಂತೆ. ಆದ್ರೆ ಹಳೇ ಕಾಲದ ಮನೆಮಂದಿ ಕಾಮಿಡಿ ಥರ ಕಪ್ಪು-ಬಿಳುಪು, ಮಾತಿಗೊಂದ್ಸಲ ಹಿಂದಿನಿಂದ ಕಾಣದ ಜನ ನಗೋ ಸದ್ದು..."

"ದಂಡ. ತಲೆ ಇಲ್ಲ, ಬುಡ ಇಲ್ಲ. ನೋಡ್ಬೇಡ."

"ಪಕ್ಕದ ಅಂಗಡಿಯವಳು ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದ್ಲು! ಸತ್ತ ಗಂಡನ್ನ ತನ್ನ ಶಕ್ತಿಯಿಂದ ಮನೇಲೇ ಇಟ್ಕೊಂಡಿರ್ತಾಳಂತೆ. ಬೇರೆ ಯಾರಿಗೂ ಕಾಣಲ್ವಂತೆ. ಇಬ್ರೂ ತಮಾಷೆ ಮಾಡ್ಕೊಂಡು..." ಅವಳು ಒಳಕೋಣೆಯತ್ತ ನೋಡಿ ಮಾತು ನಿಲ್ಲಿಸಿದಳು. "ನೀನ್ಯಾಕೆ ಹೀಗೆ ಬೆವರ್ತಿದೀಯ?"

ಇನ್ನು ನುಂಗಿಕೊಳ್ಳಲು ಆಗಲಿಲ್ಲ.

"ಅದನ್ನ ಬರೆದೋನು ನಾನೇ. ಬೇರೆ ಹೆಸರಲ್ಲಿ."

ಕಳೆದ ವರ್ಷವೂ ಇದೇ ಬಾಗಿಲಲ್ಲಿ ನಿಂತು ಇದೇ ನಗು ಕೇಳಿದ್ದ. ಮುಂದಿನ ಮಾತಿಗೂ ಕಾಯದೆ, ಗಂಟೆ ಒತ್ತದೆ ಹಿಂತಿರುಗಿದ್ದ. ದಾರಿಯುದ್ದಕ್ಕೂ ಅತ್ತಿದ್ದ. ಮನೆ ಸೇರಿದವನೇ ಬರೆಯಲು ಕುಳಿತಿದ್ದ. ಇಂಥ ದುಃಖ ಎಲ್ಲಿಂದ ತಂದಿರಿ ಎಂದು ಚಾನೆಲ್‌ನವರು ಕೈಕುಲುಕಿದ್ದರು. ಅಂದಿನಿಂದ ತಿಂದ ಅನ್ನ ಮೈಗೆ ಹತ್ತಿಲ್ಲ.

"ಕಳೆದ ವರ್ಷ ಇದೇ ಬಾಗಿಲಲ್ಲಿ ನಿನ್ನ ನಗು ಕೇಳಿಸ್ಕೊಂಡು ಹೋಗಿ ಬರೆದೆ. ನಿನ್ನ ಗಾಯಾನ ಮಾರ್ಕೊಂಡು ದುಡ್ಡು ಮಾಡ್ದೆ ಕಣಮ್ಮ. ಬೈಯಿ. ಬಾಯಿಗೆ ಬಂದ ಹಾಗೆ ಬೈಯಿ."

ಅವಳ ಮುಖದ ರಕ್ತವೇ ಇಂಗಿಹೋಯಿತು.

"ಕಳೆದ ವರ್ಷಾನೇ ಕೇಳಿಸ್ಕೊಂಡ್ಯಾ?"

"ನೀನು ಅವನ ಜೊತೆ ನಗೋದು ತಪ್ಪಲ್ಲ. ಅದನ್ನ ಊರಿಗೆಲ್ಲ ತೋರಿಸಿದ್ನಲ್ಲ, ಅದು ತಪ್ಪು."

"ಅಣ್ಣಾ, ನೀನು ಬಂದಾಗೆಲ್ಲ ಅವರ ಫೋಟೋ ಮುಂದೆ ಕೂತು ನನಗಿಂತ ಜಾಸ್ತಿ ಅಳ್ತಿದ್ದೆ. ನಾನು ಹೇಳೋಕೆ ಬಾಯಿ ತೆರೆದ್ರೆ ನೀನು ಇನ್ನೂ ಅಳ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..." ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. "ತಪ್ಪು ನಿಂದಲ್ಲ, ನಂದು."

"ಏನು ಹೇಳೋಕೆ?"

ಒಳಕೋಣೆಯಲ್ಲಿ ಯಾರೋ ಗಟ್ಟಿಯಾಗಿ ಸೀನಿದರು. ಬಾಗಿಲು ಗೇಣಗಲ ತೆರೆಯಿತು. ಅಣ್ಣ ಎಂದೂ ಕಾಣದ ಮುಖವೊಂದು, ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಅಪರಾಧಿಯಂತೆ ಇಣುಕಿತು.

"ಕ್ಷಮಿಸಿ ಭಾವ," ಗಂಟಲು ಕಟ್ಟಿದ ದನಿ ಪಿಸುಗುಟ್ಟಿತು, "ನೆಗಡಿ."