ಅಥಣಿ ಹಾದಿಯ ಬಡಿತ

“ಬಂತ ನೋಡ್ರಿ!” ಎಂದು ಜೀಪಿನ ಹಿಂದಿನ ಸೀಟಿನಲ್ಲಿದ್ದ ತವನಪ್ಪ ಮಿಸ್ತ್ರಿ ಕೈಯೆತ್ತಿದ. ಅಥಣಿ ರಸ್ತೆಯ ಏರಿನಲ್ಲಿ ಜೀಪಿನ ಎಂಜಿನ್ ಟಕ್ ಟಕ್ ಎಂದು ಬಡಿಯತೊಡಗಿತ್ತು. ಡ್ರೈವರ್ ಭೀಮಸಿ ಗೇರು ಇಳಿಸಿದ. ಪಕ್ಕದಲ್ಲಿ ಕೂತಿದ್ದ ಸಾವಕಾರ ವಿರುಪಾಕ್ಷಪ್ಪ ಹಲ್ಲು ಕಡಿದ.

ಎರಡು ತಿಂಗಳಿಂದ ಇದೇ ಹಾಡು. ಕಾಗವಾಡದ ಆ ಹಳೆಯ ಪೆಟ್ರೋಲ್ ಜೀಪು ದ್ರಾಕ್ಷಿ ಪೆಟ್ಟಿಗೆ ಹೇರಿಕೊಂಡು ಮಿರಜಕ್ಕೆ ಹೋದರೆ ಚಕಾರವೆತ್ತದು. ಅಥಣಿ ಕಡೆ ಮುಖ ಮಾಡಿತೋ, ಬಡಿತ ಶುರು. ಅಥಣಿಯಲ್ಲಿ ಸಾವಕಾರನಿಗೆ ದೊಡ್ಡ ಕೆಲಸವೇ ಇತ್ತು. ಮದುವೆಯಾಗಿ ಹನ್ನೆರಡು ವರ್ಷವಾದರೂ ಹೆಂಡತಿ ಕಸ್ತೂರೆವ್ವನಿಗೆ ಮಕ್ಕಳಿರಲಿಲ್ಲ. ಎರಡನೆಯ ಮದುವೆಗೆಂದು ಅಥಣಿಯಲ್ಲೊಂದು ಹುಡುಗಿಯನ್ನು ನೋಡಿಟ್ಟಿದ್ದರು. ಮಾತು ಮುಗಿಸಲು ಹೊರಟವನು ಎರಡು ಸಲ ಅರ್ಧ ದಾರಿಯಿಂದ ವಾಪಸು ಬಂದಿದ್ದ. ಊರವರು ಮೀಸೆಯಲ್ಲೇ ನಗುತ್ತಿದ್ದರು.

“ಏರಿನ್ಯಾಗ ಎಂಜಿನ್ ಮ್ಯಾಲ ಭಾರ ಬೀಳ್ತೈತ್ರಿ. ಅದಕ್ಕ ಇಲ್ಲೇ ಕೇಳತೈತಿ” ಎಂದ ತವನಪ್ಪ.

ಗ್ಯಾರೇಜಿಗೆ ತಂದು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಬೇರಿಂಗ್ ಸವೆದಿದ್ದರೆ ಯಾವುದೋ ಒಂದು ವೈರು ಕಿತ್ತಾಗ ಸದ್ದು ಇಳಿಯಬೇಕು. ಇಳಿಯಲಿಲ್ಲ. ಕಿಡಿ ಹೊತ್ತುವ ಟೈಮಿಂಗ್ ತುಸು ಹಿಂದೆ ಸರಿಸಿ ಮತ್ತೆ ಏರಿಗೆ ಒಯ್ದ. ಬಡಿತ ಜಗ್ಗಲಿಲ್ಲ. ಕೊನೆಗೆ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು, ಒಳಗಿನದನ್ನು ಒಂದಿಷ್ಟು ಅಂಗೈಗೆ ಹಚ್ಚಿಕೊಂಡ. ಪೆಟ್ರೋಲಾಗಿದ್ದರೆ ಉಫ್ ಎಂದು ಊದುವುದರೊಳಗೆ ಆರಬೇಕಿತ್ತು. ಇದು ಜಿಡ್ಡಾಗಿ ಅಂಗೈಯಲ್ಲೇ ಉಳಿಯಿತು.

“ಟಾಕಿಯಾಗ ಚಿಮಣಿ ಎಣ್ಣಿ ಬೆರಿಕಿ ಆಗೈತ್ರಿ, ಸಾವಕಾರ್ರ.”

ಆ ಮಾತು ಆಡಿದ್ದಕ್ಕೆ ತವನಪ್ಪ ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡನೋ. ಸಾವಕಾರನ ಕಣ್ಣು ನೆಟ್ಟಗೆ ಭೀಮಸಿಯ ಮೇಲೆ ಹೋಯಿತು. ಪೆಟ್ರೋಲ್ ಕದ್ದು ಮಾರಿ ಚಿಮಣಿ ಎಣ್ಣೆ ಸುರಿಯಲು ಡ್ರೈವರನಲ್ಲದೆ ಇನ್ಯಾರು? ಚಿಂಚಲಿಯಿಂದ ಕುರಿ ಬಿಟ್ಟು ಬಂದು ಹದಿನೆಂಟು ವರ್ಷ ಆ ಸ್ಟೇರಿಂಗ್ ಹಿಡಿದವನು ಭೀಮಸಿ. ಒಂದು ದಿನಕ್ಕೂ ಸುಳ್ಳು ಆಡಿದವನಲ್ಲ. ಆ ಹೆಸರೊಂದೇ ಅವನ ಗಳಿಕೆ.

“ನಾಳೆ ಎಲ್ಲಾರ ಕಡಿಂದ ಭಂಡಾರ ಎತ್ತಿಸಿ ಆಣಿ ಮಾಡಸ್ತೀನಿ. ದೇವಿ ಮಾಯಕ್ಕನ ಮುಂದ ಯಾರ ಆಟಾ ನಡ್ಯಾಂಗಿಲ್ಲ” ಎಂದ ಸಾವಕಾರ.

ಮರುದಿನ ಮಧ್ಯಾಹ್ನ ಮನೆಯವರು, ಆಳುಗಳು ಎಲ್ಲ ಸೇರಿ ಒಂಬತ್ತು ಜನ ಅಂಗಳದಲ್ಲಿ ಸಾಲಾಗಿ ನಿಂತರು. ತವನಪ್ಪನನ್ನು ಸಾಕ್ಷಿಗೆ ಕರೆದಿದ್ದರು. ಕಸ್ತೂರೆವ್ವ ದೇವರ ಕೋಣೆಯಿಂದ ಅರಿಶಿನದ ಬಟ್ಟಲು ತಂದು ಒಬ್ಬೊಬ್ಬರ ಮುಂದೆ ಹಿಡಿದಳು. ಚಿಟಿಕೆ ಭಂಡಾರ ಎತ್ತಿ ಹಣೆಗೆ ಹಚ್ಚಿಕೊಂಡು ಹೇಳಬೇಕಾದ ಮಾತನ್ನು ಸಾವಕಾರನೇ ಹೇಳಿಕೊಟ್ಟ: “ಎಣ್ಣಿ ನಾ ಹಾಕಿಲ್ಲ. ಹಾಕಿದವರು ಯಾರಂತನೂ ನನಗ ಗೊತ್ತಿಲ್ಲ.”

ಮೊದಲು ತಾನೇ ಎತ್ತಿದ. ಆಮೇಲೆ ಅವನ ತಾಯಿ ರುಕ್ಮವ್ವ, ತಮ್ಮ ಬಾಬಾಸಾಹೇಬ, ಐದು ಮಂದಿ ಆಳುಗಳು. ಎಲ್ಲರ ಹಣೆ ಹಳದಿಯಾಯಿತು. ಕೊನೆಗೆ ಭೀಮಸಿ. ಬಟ್ಟಲಿನತ್ತ ಚಾಚಿದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡ.

“ನನ್ನ ಕಡಿಂದ ಆಗಾಂಗಿಲ್ರಿ.”

ಕಸ್ತೂರೆವ್ವನ ಕೈಯಲ್ಲಿನ ಬಟ್ಟಲು ವಾಲಿ ಭಂಡಾರ ಚೆಲ್ಲಿತು. ದೇವಿಗೆ ಸಿಟ್ಟು ಬಂತೆಂದು ರುಕ್ಮವ್ವ ಗಲ್ಲ ಗಲ್ಲ ಬಡಿದುಕೊಂಡಳು. ಸಾವಕಾರ ಭೀಮಸಿಯ ಕಪಾಳಕ್ಕೆ ಬಾರಿಸಿ, ಕೀಲಿ ಕಸಿದು, ಅಂಗಳದಿಂದಾಚೆ ನೂಕಿದ. ಹದಿನೆಂಟು ವರ್ಷ ಅವನ ಜೊತೆ ಉಂಡು ತಿಂದವರು ತಮ್ಮ ತಮ್ಮ ಕೆಲಸಕ್ಕೆ ಹೊರಟರು. ತವನಪ್ಪನೂ ಗ್ಯಾರೇಜಿನ ಕಡೆ ಹೊರಟ. ಅವತ್ತೇ ಸಂಜೆ ಟಾಕಿ ಇಳಿಸಿ, ತೊಳೆದು, ಒಣಗಿಸಿ, ತಾನೇ ನಿಂತು ಹೊಸ ಪೆಟ್ರೋಲ್ ಹಾಕಿಸಿದ.

ಇಪ್ಪತ್ತು ದಿನ ಜೀಪು ಸುಮ್ಮನೆ ಓಡಿತು. ಸಾವಕಾರ ಭೇಷ್ ಎಂದ. ಇಪ್ಪತ್ತೊಂದನೆಯ ದಿನ ಅಥಣಿಯಲ್ಲಿ ನಿಶ್ಚಿತಾರ್ಥ. ಹೊಸ ಡ್ರೈವರ್, ಹೊಸ ರುಮಾಲು, ಸೀರೆ, ಕಾಯಿ, ಎಲ್ಲ ಹೊತ್ತು ಹೊರಟ ಜೀಪು ಅದೇ ಏರಿನಲ್ಲಿ ಬಡಿದು ಬಡಿದು ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ನೆತ್ತಿಗೆ ತೂತು. ತವನಪ್ಪ ಟಾಕಿಗೆ ಕೈ ಹಾಕಿದ. ಮತ್ತೆ ಜಿಡ್ಡು.

“ಆ ಕಳ್ಳ ಹಾಕಿದ್ದ ಇನ್ನೂ ಉಳದಿತ್ತೇನೋ!” ಎಂದು ಸಾವಕಾರ ಕೂಗಾಡಿದ.

ಒಂದು ಹನಿಯೂ ಉಳಿದಿರಲಿಲ್ಲವೆಂಬುದು ತವನಪ್ಪನಿಗೊಬ್ಬನಿಗೇ ಗೊತ್ತಿತ್ತು. ಮರುದಿನವೇ ಚಿಂಚಲಿಯ ಬಸ್ಸು ಹತ್ತಿದ.

ಭೀಮಸಿ ಕುರಿಮರಿಯೊಂದರ ಗೊರಸಿನಿಂದ ಮುಳ್ಳು ಕೀಳುತ್ತ ಕೂತಿದ್ದ. ಮೈ ಅರ್ಧಕ್ಕಿಳಿದಿತ್ತು.

“ನೀ ಹಾಕಿಲ್ಲಂತ ನನಗೀಗ ಗೊತ್ತಾತಪಾ. ಮತ್ತ ಅವತ್ತ ಭಂಡಾರ ಯಾಕ ಎತ್ತಲಿಲ್ಲ?”

“ನಾ ಹಾಕಿಲ್ಲ ಅನ್ನೂದು ಖರೇನ ಇತ್ರಿ, ಮಿಸ್ತ್ರಿ. ಯಾರಂತ ಗೊತ್ತಿಲ್ಲ ಅನ್ನಾಕ ಬಾಯಿ ಬರಲಿಲ್ಲ.”

“ಅಂದ್ರ ನೋಡಿದ್ದಿ! ಯಾರಲೇ ಅದು?”

“ಹೆಸರ ಕೇಳಬ್ಯಾಡ್ರಿ. ನನಗ ಇವಿಷ್ಟು ಕುರಿ ಅದಾವ, ಹ್ಯಾಂಗೋ ನಡೀತೈತಿ. ಅವರಿಗಿ ಆ ಮನಿ ಬಿಟ್ರ ಮತ್ತೊಂದ ಮನಿ ಇಲ್ಲ.”

ತವನಪ್ಪನ ಸಿಟ್ಟು ನೆತ್ತಿಗೇರಿತು. “ಎಂಟು ಮಂದಿ ಎತ್ತಿದ್ರು. ಅವರಾಗ ಒಬ್ಬರು ಮಾಯಕ್ಕನ ಮುಂದ ನಿಂತು ಸುಳ್ಳ ಹೇಳಿ, ನಿನ್ನ ಅನ್ನಾ ಕಸಗೊಂಡ್ರು. ನೀ ಅವರನ್ನ ಕಾಯಾಕತ್ತೀಯೇನು?”

“ಇಲ್ರಿ” ಎಂದ ಭೀಮಸಿ, ಮರಿಯನ್ನು ಕೆಳಗೆ ಬಿಡುತ್ತ. “ಎಂಟೂ ಮಂದಿ ಖರೇನ ಹೇಳ್ಯಾರ.”

ವಾಪಸು ಬರುವಾಗ ಬಸ್ಸಿನಲ್ಲಿ ತವನಪ್ಪ ಆ ಎಂಟು ಹಳದಿ ಹಣೆಗಳನ್ನು ನೆನೆದು ನೆನೆದು ಎಣಿಸಿದ. ಎಲ್ಲರೂ ಖರೆ ಹೇಳಿದ್ದರೆ ಇನ್ನು ಉಳಿದವರು ಯಾರು? ಕಾಗವಾಡ ಇನ್ನೇನು ಬಂತು ಎನ್ನುವಾಗ ಎಣಿಸುತ್ತಿದ್ದ ಅವನ ಬೆರಳು ತಟ್ಟನೆ ನಿಂತಿತು.

ಭಂಡಾರ ಹಿಡಿದು ನಿಂತ ಕಸ್ತೂರೆವ್ವನಿಗೆ, ನೀನೂ ಎತ್ತು ಎಂದು ಯಾರೂ ಹೇಳಿರಲೇ ಇಲ್ಲ.