ಕೆರೆ ಮೈದಾನದ ಕೊನೇ ಜಾಗ

"ಇಲ್ಲಮ್ಮ, ಎಲ್ಲಾ ಫುಲ್. ಸಾಲು ರಜೆ ಅಲ್ವಾ?" ಎಂದು ಕೆರೆ ಮೈದಾನದ ಮೇಲ್ವಿಚಾರಕ ಫೋನಿಟ್ಟ.

ಅದೇ ಕೊನೆಯದು. ಮಹಾನಗರದ ಸುತ್ತ ಟೆಂಟ್ ಹಾಕಲು ಬಿಡುವ ಮೈದಾನಗಳಲ್ಲಿ ಅವಳು ಕೇಳದೆ ಬಿಟ್ಟದ್ದು ಒಂದೂ ಉಳಿದಿರಲಿಲ್ಲ. ಕಾಡಂಚಿನದು ಭರ್ತಿ. ಹೊಳೆ ದಂಡೆಯದು ಭರ್ತಿ. ಲಾರಿಗಳ ಸದ್ದಿಗೆ ಯಾರೂ ಕಾಲಿಡದ ಹೆದ್ದಾರಿ ಪಕ್ಕದ್ದು, ಅದೂ ಭರ್ತಿ! ಊರಿಗೆ ಊರೇ ಟೆಂಟ್ ಹೊತ್ತುಕೊಂಡು ಹೊರಟುಬಿಟ್ಟಿತ್ತು. ಇವರಿಗೆಲ್ಲ ಮನೆಯಲ್ಲಿ ಕೂತರೆ ಏನು ರೋಗ?

ಅವಳಿಗೆ ಕೂರಲು ಮನೆಯಿರಲಿಲ್ಲ. ಮಾಲೀಕ ಮನೆ ಮಾರಿ ಕೈತೊಳೆದುಕೊಂಡಿದ್ದ. ಔಷಧಿ ಅಂಗಡಿಯ ಸಂಬಳ ನೆಚ್ಚಿಕೊಂಡ, ಗಂಡನಿಲ್ಲದ ಹೆಂಗಸಿಗೆ ನಗರದೊಳಗೆ ಒಂದು ಗೂಡೂ ಬಾಡಿಗೆಗೆ ಸಿಕ್ಕಿರಲಿಲ್ಲ. ಉಳಿದದ್ದು ಏಳು ವರ್ಷದ ಮಗಳು, ಹಳೇ ಕಾರು, ಅದರ ಡಿಕ್ಕಿಯಲ್ಲೊಂದು ಟೆಂಟು. ಯಾವ ಮೈದಾನದಲ್ಲೂ ವಾರಕ್ಕಿಂತ ಹೆಚ್ಚು ಇರಗೊಡುವುದಿಲ್ಲ. ಹೀಗೆ ವಾರಕ್ಕೊಂದು ಮೈದಾನ ಹುಡುಕಿ ಹುಡುಕಿ ಅವಳು ಪಳಗಿಹೋಗಿದ್ದಳು. ಬಿಸಿನೀರು ಬರುತ್ತದೆಯೇ, ಶಾಲೆಗೆ ಬಸ್ಸಿದೆಯೇ, ಮಳೆ ಬಂದರೆ ನೆಲದಲ್ಲಿ ನೀರು ನಿಲ್ಲುತ್ತದೆಯೇ, ಕಾವಲಿನವನು ಕೆದಕಿ ಕೇಳುವ ಆಸಾಮಿಯೇ, ಇಷ್ಟೇ ಅವಳ ವಿಚಾರಣೆ. ತಂಗಾಳಿ, ಸೂರ್ಯಾಸ್ತ ಎಲ್ಲ ಮನೆಯಿದ್ದವರಿಗೆ.

ಕಾರಿನಲ್ಲೇ ಮಲಗಬಹುದಿತ್ತು. ಒಮ್ಮೆ ಮಲಗಿಯೂ ಇದ್ದರು. ಬೆಳಗಿನ ಜಾವ ಪೊಲೀಸಿನವನು ಗಾಜು ತಟ್ಟಿದ್ದ. "ಇನ್ನೊಂದು ಸಲ ಮಗೂನ ಹೀಗೆ ರಸ್ತೇಲಿ ಮಲಗಿಸಿದ್ದು ಕಂಡ್ರೆ, ಅವಳನ್ನ ಮಕ್ಕಳ ಇಲಾಖೆಗೆ ಒಪ್ಪಿಸಿಬಿಡ್ತೀನಿ." ಅವತ್ತಿನಿಂದ ಯಾರಾದರೂ ಕಾರಿನ ಹತ್ತಿರ ಸುಳಿದರೂ ಅವಳು ಮಗಳನ್ನು ಹತ್ತಿರಕ್ಕೆಳೆದುಕೊಳ್ಳುತ್ತಿದ್ದಳು. ಈಗ ಅವರು ಟೆಂಟ್ ಹಾಕಿಕೊಂಡಿದ್ದ ಮೈದಾನವನ್ನೂ ಯಾವುದೋ ಕಂಪನಿಯವರು ರಜೆಗೆಂದು ಪೂರ್ತಿ ಹಿಡಿದಿದ್ದರು. ಕತ್ತಲಾಗುವುದರೊಳಗೆ ಎಲ್ಲರೂ ಜಾಗ ಖಾಲಿ ಮಾಡಬೇಕಿತ್ತು.

ಪಕ್ಕದ ಕೆಂಪು ಟೆಂಟಿನವರನ್ನು ನೋಡಿದರೆ ಅವಳ ಹೊಟ್ಟೆ ಉರಿಯುತ್ತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬಂದದ್ದು ಮೊನ್ನೆ, ತಂದ ಸಾಮಾನು ಮಾತ್ರ ಮದುವೆಮನೆಗಾಗುವಷ್ಟು. ಕುಕ್ಕರು, ಮಿಕ್ಸಿ, ಬಿಸಿಲುಗಾಲದಲ್ಲಿ ಪೆಟ್ಟಿಗೆ ತುಂಬ ಸ್ವೆಟರು. ಸಾಲದ್ದಕ್ಕೆ ಒಂದು ಗೋಡೆ ಗಡಿಯಾರವನ್ನು ಹೊತ್ತುತಂದು ಮರಕ್ಕೆ ನೇತುಹಾಕಿದ್ದರು! ದುಡ್ಡು ಹೆಚ್ಚಾದರೆ ಎಂಥೆಂಥ ಹುಚ್ಚು ಹಿಡಿಯುತ್ತದೆ ನೋಡಿ. ಗಂಡ ಬೆಳಗಾದರೆ ಇಸ್ತ್ರಿ ಶರ್ಟು ತೊಟ್ಟು ಹೊರಡುತ್ತಿದ್ದ. "ರಜೇಲೂ ಆಫೀಸಿನವರು ಬಿಡಲ್ಲ ಕಣ್ರೀ" ಎಂದು ಹೆಂಡತಿ ನಗುತ್ತಿದ್ದಳು. ಆ ನಗು ಕೇಳಿದಾಗೆಲ್ಲ ಇವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಹಾಗೆಂದು ಇವಳೇನು ಬಿಟ್ಟುಕೊಟ್ಟಿರಲಿಲ್ಲ. ಮನೆಯೆಲ್ಲಿ ಎಂದು ಆಕೆ ಕೇಳಿದ್ದಕ್ಕೆ, "ಪೇಟೆ ಒಳಗೇ. ಮೂರು ಕೋಣೆ. ಬಾಲ್ಕನಿ ತುಂಬ ಗಿಡ, ಕೆಲಸದವಳು ನೀರು ಹಾಕ್ತಾಳೆ" ಎಂದು ಬುರುಡೆ ಬಿಟ್ಟಿದ್ದಳು.

ಈಗ ಇವಳು ಕೊಡ ಹಿಡಿದು ನಲ್ಲಿಗೆ ಬಂದಾಗ ಕೆಂಪು ಟೆಂಟಿನಾಕೆ ಪಾತ್ರೆ ತೊಳೆಯುತ್ತಿದ್ದಳು.

"ನೀವು ಇನ್ನೇನು ಮನೆಗೇನಕ್ಕ?"

"ಹೂಂ, ಸಾಕಾಯ್ತು. ನೀವು?"

"ಕೆರೆ ಮೈದಾನಕ್ಕೆ. ಅಲ್ಲಿದ್ದ ಕೊನೇ ಜಾಗ ನಮಗೇ ಸಿಕ್ತು. ಇವರು ಬಂದಮೇಲೆ ಸಂಜೆ ಹೋಗ್ತೀವಿ. ಬೆಳಿಗ್ಗೆ ಫೋನ್ ಮಾಡಿದ ಸಂಸಾರ ಅಂತ ಗೇಟಲ್ಲಿ ಹೇಳಿದ್ರೆ ಸಾಕಂತೆ."

ಇವಳ ಕೈಯಲ್ಲಿದ್ದ ಕೊಡ ತುಂಬಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸುವುದೇ ಮರೆತುಹೋಗಿತ್ತು.

ತಪ್ಪು. ಶುದ್ಧ ತಪ್ಪು. ಆದರೆ ಜಾಗ ಸಿಗದಿದ್ದರೆ ಇವರಿಗೇನು ಗಂಟು ಹೋಗುತ್ತದೆ? ಒಂದಿಷ್ಟು ಗೊಣಗಿ, ಮನೆಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ನನ್ನ ಮಗು ಎಲ್ಲಿ ಮಲಗಬೇಕು? ಹಾಗಂದುಕೊಂಡವಳೇ ಟೆಂಟನ್ನು ಮಡಚದೆ ಮುದ್ದೆ ಮಾಡಿ ಡಿಕ್ಕಿಗೆ ತುರುಕಿದಳು.

ಕೆರೆ ಮೈದಾನದ ಗೇಟಿನಲ್ಲಿ ಮೇಲ್ವಿಚಾರಕ ಕಾರಿನೊಳಗೆ ಇಣುಕಿದ.

"ಬೆಳಿಗ್ಗೆ ಫೋನ್ ಮಾಡಿದ್ದು ನಾವೇ" ಎಂದಳು.

"ಗಂಡಸು ಮಾತಾಡಿದ್ರಲ್ಲ? ಇಬ್ಬರು ಮಕ್ಕಳು ಅಂದಿದ್ರು."

"ನಮ್ಮೆಜಮಾನ್ರು. ಆಫೀಸಿಂದ ಸೀದಾ ಬರ್ತಾರೆ. ದೊಡ್ಡೋನು ಅವರ ಜೊತೆ ಬರ್ತಾನೆ."

ಮಗಳು ಅಮ್ಮನ ಮುಖ ನೋಡಿದಳು. ಮೇಲ್ವಿಚಾರಕ ಗೇಟು ತೆಗೆದ.

ಟೆಂಟು ನಿಲ್ಲಿಸುವಾಗ ಗೂಟ ಮತ್ತೆ ಮತ್ತೆ ಜಾರಿತು. ನಿಂತ ಮೇಲೆ ಮಾತ್ರ ಒಳಗೆ ಕೂತು ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಒಂದು ವಾರ. ಇನ್ನೊಂದು ವಾರ ಮಗು ತನ್ನದು.

ಸಂಜೆ ಕೆಂಪು ಟೆಂಟಿನವರ ಕಾರು ಬಂತು. ಗೇಟಿನಲ್ಲಿ ಇಸ್ತ್ರಿ ಶರ್ಟಿನವನ ದನಿ ಏರಿತು, ಆಮೇಲೆ ಇಳಿಯಿತು, ಕೊನೆಗೆ ಕೇಳಿಸದಾಯಿತು. "ಆಗಲೇ ಟೆಂಟ್ ಹಾಕಿದವರನ್ನ ನಾನು ಎಬ್ಬಿಸಲ್ಲ, ಬೇಕಾದ್ರೆ ನೀವೇ ಕೇಳಿ" ಎಂದು ಮೇಲ್ವಿಚಾರಕ ಇತ್ತ ಕೈ ತೋರಿಸಿದ. ಹೆಂಡತಿ ಕಾರಿನಿಂದಿಳಿದು ಹುಲ್ಲಿನ ಮೇಲೆ ನೇರ ಇವಳ ಕಡೆಗೇ ನಡೆದುಬಂದಳು.

ಇವಳು ಮಗಳನ್ನು ಹಿಂದಕ್ಕೆ ಸರಿಸಿ ಟೆಂಟಿನ ಬಾಗಿಲಿಗೆ ಅಡ್ಡ ನಿಂತಳು. ಬೈಯಲಿ, ಉಗಿಯಲಿ, ನಾಲ್ಕು ಜನರೆದುರು ಮಾನ ಕಳೆಯಲಿ. ಜಾಗ ಬಿಡುವ ಮಾತೇ ಇಲ್ಲ.

ಆಕೆ ಬೈಯಲಿಲ್ಲ. ನಗಲೂ ಇಲ್ಲ. ಹತ್ತಿರ ಬಂದು, ಕಾರಿನಲ್ಲಿದ್ದ ಮಕ್ಕಳಿಗೆ ಕೇಳಿಸದಂತೆ ದನಿ ತಗ್ಗಿಸಿ, ಎರಡೂ ಕೈ ಜೋಡಿಸಿದಳು.

"ನಿಮ್ಮ ಕಾಲಿಗೆ ಬೀಳ್ತೀನಕ್ಕ, ಜಾಗ ಬಿಟ್ಟುಕೊಡಿ. ನೀವಾದ್ರೆ ಮನೆಗೆ ಹೋಗಬಹುದು, ನಮಗೆ ಮನೆ ಇಲ್ಲ."