ನೂರು ಮೈಕ್ರಾನ್ ಹೆಜ್ಜೆ

"ಹೆಜ್ಜೆ ನೂರು ಮೈಕ್ರಾನ್ ಇಡಮ್ಮ," ಎಂದರು ವಿಧಿವಿಜ್ಞಾನ ಲ್ಯಾಬಿನ ಹಿರಿಯ ಛಾಯಾಗ್ರಾಹಕರು.

ಸಹಾಯಕಿಯ ಕೈ ಅಲ್ಲೇ ನಿಂತಿತು. ಲೆನ್ಸಿನ ಕೆಳಗಿದ್ದದ್ದು ಕುಸಿದುಬಿದ್ದ ಲಿಫ್ಟಿನ ಮುರಿದ ಬೋಲ್ಟು. ಇಷ್ಟು ಹತ್ತಿರದಿಂದ ತೆಗೆದರೆ ಒಂದು ಚಿತ್ರದಲ್ಲಿ ನಿಚ್ಚಳವಾಗಿ ಕಾಣುವುದು ಐವತ್ತು ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಆಳ ಮಾತ್ರ. ಕ್ಯಾಮೆರಾವನ್ನು ನಲವತ್ತು ನಲವತ್ತರಂತೆ ಸರಿಸುತ್ತ ತೆಗೆದು, ಚಿತ್ರಗಳನ್ನೆಲ್ಲ ಒಂದಾಗಿ ಬೆಸೆದರೆ ಬಿರುಕಿನ ತಳದವರೆಗೂ ಕಾಣುತ್ತದೆ. ನೂರರಂತೆ ಸರಿಸಿದರೆ ನಡುನಡುವೆ ಮಸುಕು ಪಟ್ಟಿಗಳು. ಅದರೊಳಗೆ ಏನು ಬೇಕಾದರೂ ಅಡಗಬಹುದು. ಇದನ್ನೆಲ್ಲ ಅವಳಿಗೆ ಕೈಹಿಡಿದು ಕಲಿಸಿದವರು ಅವರೇ.

ಲಿಫ್ಟಿನಲ್ಲಿ ಇಬ್ಬರು ಸತ್ತಿದ್ದರು. ಹನ್ನೊಂದು ದಿನ ಮುರಿದ ಲೋಹವನ್ನೇ ನೋಡಿ ನೋಡಿ ಅವಳಿಗೆ ಅಳುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಈಗ ಅನುಮಾನವೊಂದು ಬಂತು. ಬೆಳಿಗ್ಗೆ ಲಿಫ್ಟ್ ಕಂಪನಿಯವನು ಬಂದು, "ಚೆನ್ನಾಗಿ ನೋಡಿ ಸಾರ್, ಎಲ್ಲಾ ನಿಮ್ಮ ಕೈಲಿದೆ," ಎಂದು ಹಲ್ಲು ಕಿರಿದು ಹೋಗಿದ್ದ. ಈಗ ಇವರು ನೂರು ಎನ್ನುತ್ತಿದ್ದಾರೆ.

"ನಲವತ್ತಲ್ವಾ ಸಾರ್?"

"ಇಪ್ಪತ್ತೈದು ಚಿತ್ರ ಸಾಕು."

"ಆಳ ಎರಡೂವರೆ ಮಿಲಿಮೀಟರ್ ಹತ್ರ ಇದೆ. ಅರವತ್ತಾದ್ರೂ ಬೇಕು. ಹೀಗೆ ಕಲಿಸಿದ್ದು ನೀವೇ."

ಅವರು ಮುಂದಿದ್ದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಟೀ ಕೆನೆಗಟ್ಟಿತ್ತು.

"ಸರಿ, ನಲವತ್ತೇ ಇಡು," ಎಂದರು ಕೊನೆಗೆ.

ಇವರು ಕಂಪನಿಯಿಂದ ಎಷ್ಟು ದುಡ್ಡು ತಿಂದಿರಬಹುದು ಎಂದುಕೊಳ್ಳುತ್ತ ಅವಳು ಗುಂಡಿ ಒತ್ತಿದಳು. ಕ್ಯಾಮೆರಾ ಇರುವೆಗಿಂತ ನಿಧಾನವಾಗಿ ತೆವಳಿತು. ಇಬ್ಬರೂ ಕದಲಲಿಲ್ಲ.

ಬೆಸೆದ ಚಿತ್ರ ಪರದೆಯ ಮೇಲೆ ಮೂಡಿತು. ಬಿರುಕಿನ ತಳದಲ್ಲಿ ಕಂದು ಗೆರೆ. ತುಕ್ಕು.

"ಹಳೇ ಬಿರುಕು ಸಾರ್!" ಎಂದಳು. "ಇಷ್ಟು ತುಕ್ಕು ಹಿಡಿಯೋಕೆ ತಿಂಗಳುಗಟ್ಟಲೆ ಬೇಕು. ಕಂಪನಿಯವರ ಬೋಲ್ಟಲ್ಲಿ ತಪ್ಪಿಲ್ಲ. ಹೋದ ತಿಂಗಳು ಪರೀಕ್ಷೆ ಮಾಡಿ ಸಹಿ ಹಾಕಿದ ಇನ್ಸ್‌ಪೆಕ್ಟರ್ ಇದನ್ನ ನೋಡೇ ಇಲ್ಲ. ಜೈಲೇ ಗತಿ."

ಇನ್ಸ್‌ಪೆಕ್ಟರ್ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಲ್ಯಾಬಿಗೆ ಹೆಸರು ಕಳಿಸುವ ಪದ್ಧತಿಯಿಲ್ಲ. ಮಾತು ಮುಗಿದ ಮೇಲೆ ಅವಳಿಗೆ ಹೊಳೆಯಿತು: ಈ ಗೆರೆ ಕಂಪನಿಯನ್ನು ಉಳಿಸುತ್ತದೆ. ಕಂಪನಿಗೆ ಬೇಕಾಗಿದ್ದದ್ದೇ ನಲವತ್ತು. ಹಾಗಾದರೆ ನೂರು ಯಾರಿಗೋಸ್ಕರ?

ಅವರು ವರದಿಗೆ ಸಹಿ ಹಾಕಿದರು. ಫೋನೆತ್ತಿಕೊಂಡು ಮನೆಗೆ ಕರೆ ಮಾಡಿದರು.

"ನೀನು ಸಹಿ ಹಾಕಿದ ಲಿಫ್ಟಲ್ಲಿ ತುಕ್ಕು ಸಿಕ್ತು ಮಗಳೇ," ಎಂದರು, "ಒಬ್ಬ ಒಳ್ಳೆ ವಕೀಲರನ್ನ ನೋಡ್ಕೋ."